ಉತ್ತಮ ಪುರುಷ, ಏಕವಚನ

ಮೂರು ವರ್ಷ ನಾನು 'ನಾನು' ಅಂದಾಗಲೆಲ್ಲ
ಅದು ನಾನಾಗಿರಲಿಲ್ಲ.
'ನಾನು ಈ ಮನೆ ಶೋಧಿಸಬೇಕು' ಅಂದೆ,
ಅದು ಸಾರ್ಜೆಂಟ್.
'ನನ್ನ ಹತ್ತಿರ ಇರುವುದು ಎರಡು ಆಡು' ಅಂದೆ,
ಅದು ಬಾಗಿಲಿಗೆ ಅಡ್ಡ ನಿಂತ ಮುದುಕ.
'ನನ್ನ ಮಗಳೆಲ್ಲಿ' ಅಂದೆ ಒಮ್ಮೆ, ಇಂಗ್ಲಿಷಿನಲ್ಲಿ,
ದನಿ ಏರಿಸದೆ, ಇಳಿಸದೆ,
ಹಾಗೇ ಹೇಳಬೇಕೆಂದು ತರಬೇತಿ.
ಆಗ ನನಗಿನ್ನೂ ಮದುವೆಯೇ ಆಗಿರಲಿಲ್ಲ.

ನಂಗ್ಯಾಲೈ ಎಂಬ ಹೆಸರು ಅವರ ನಾಲಿಗೆಗೆ ಹೊರಳಲಿಲ್ಲ.
ನೈಜೆಲ್ ಅಂದರು. ಓಗೊಟ್ಟೆ.
ಹೆಲ್ಮೆಟ್ಟು ಕೊಟ್ಟರು, ಬಂದೂಕು ಕೊಡಲಿಲ್ಲ.
ಮಾತಾಡುವವನ ಕೈ ಖಾಲಿ ಇರಬೇಕಂತೆ.

ಅವರು ಹೋದ ಮೇಲೆ
ಬಾಗಿಲ ಸಂದಿಯಲ್ಲಿ ಒಂದು ಕಾಗದ ಬಂತು.
ಮಕ್ಕಳ ನೋಟ್‌ಬುಕ್ಕಿನ ಹಾಳೆ, ಹಸಿರು ಶಾಯಿ.
ಯಾವ ಶುಕ್ರವಾರ, ಹೇಗೆ, ಎಲ್ಲ ಇತ್ತು.
ನನ್ನ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು.

ಅದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ.
ಉತ್ತರ: ಅರ್ಜಿದಾರನ ಸ್ವಂತ ಅನುವಾದ ನಡೆಯದು.
ಮೊಹರಿರುವ ಅನುವಾದಕರಿಂದ ಮಾಡಿಸತಕ್ಕದ್ದು.

ಗ್ರಿಮ್ಸ್‌ಬಿಯಲ್ಲಿ ಪಿಕರ್ಸ್‌ಗಿಲ್,
ಆಗ ಕಾರ್ಪೊರಲ್, ಈಗ ಬ್ರೆಡ್ಡಿನ ವ್ಯಾನಿನ ಚಾಲಕ,
ವ್ಯಾನು ನಿಲ್ಲಿಸಿ ಫೋನಿನಲ್ಲಿ ಕೂಗಿದನಂತೆ:
'ಇವನ ಅನುವಾದ ನಂಬಿ ಇಪ್ಪತ್ತೆರಡು ಜನ
ಒಂದೊಂದೇ ಹೆಜ್ಜೆ ಇಟ್ಟಿದ್ದೇವೆ ಕಣ್ರೀ,
ನೆಲದಡಿ ಏನಿದೆಯೋ ಗೊತ್ತಿಲ್ಲದ ಕಡೆ.'
ಆ ಕಡೆಯಿಂದ ಪಿಟೀಲು ಬರುತ್ತಿತ್ತು,
ದಯವಿಟ್ಟು ಕಾಯಿರಿ.
ಮೊಹರಿನ ದುಡ್ಡು ಅವನೇ ಕಟ್ಟಿದ.

ಹುಟ್ಟಿದ ದಿನ ಕೇಳಿದರು.
ಬಾದಾಮಿ ತೋಟ ಸುಟ್ಟ ವರ್ಷ, ಅಮ್ಮ ಹೇಳುತ್ತಿದ್ದಳು.
ಜನವರಿ ಒಂದು ಅಂತ ಬರೆದುಕೊಂಡರು.
ಮೇಜರ್ ಈಗ ಅಡುಗೆಮನೆಗೆ ಟೈಲ್ಸ್ ಮಾರುತ್ತಾನೆ,
ಅಂಗಡಿಯ ಲೆಟರ್‌ಹೆಡ್ಡಿನಲ್ಲೇ ಬರೆದುಕೊಟ್ಟ,
ಈತ ಉತ್ತಮ ಪುರುಷ ಎಂದು.
ಕೆಳಗೆ: ಭಾನುವಾರವೂ ತೆರೆದಿರುತ್ತದೆ.

ಸಂದರ್ಶನದ ಕೋಣೆಯಲ್ಲಿ
ನನಗೊಬ್ಬಳು ದುಭಾಷಿ!
ಪೇಶಾವರದ ಕಡೆಯ ಪಶ್ತೋ, ಗಡುಸು ಅಕ್ಷರ,
ಬೆರಳಿನಲ್ಲಿ ಉಂಗುರ ಇದ್ದ ಗುರುತು.
ನಾನು ಹೇಳುವುದು, ಅವಳು: 'ಈತ ಹೇಳುತ್ತಾನೆ...'
ತಪ್ಪು. ಮೊದಲ ಪಾಠವೇ ಅದು,
'ಈತ' ಅನ್ನಬಾರದು, 'ನಾನು' ಅನ್ನಬೇಕು.
ಇಂಗ್ಲಿಷಿನಲ್ಲಿ ತಿದ್ದಲು ಹೋದೆ.
ಅಧಿಕಾರಿ ಪೆನ್ನೆತ್ತಿದ:
ದಯವಿಟ್ಟು ನಿಮ್ಮ ಭಾಷೆಯಲ್ಲೇ ಇರಿ.

ಇದ್ದೆ.
ತಮ್ಮನ ವಿಷಯಕ್ಕೆ ಬಂದೆ.
ಅವಳು ಲೋಟ ತೆಗೆದುಕೊಂಡು ನೀರು ಕುಡಿದಳು,
ನಾನು ಕುಡಿಯುತ್ತಿದ್ದ ಜಾಗದಲ್ಲೇ, ಅಷ್ಟೇ ಹೊತ್ತು.
ಆಮೇಲೆ, ದನಿ ಏರಿಸದೆ, ಇಳಿಸದೆ:
'ನನ್ನ ತಮ್ಮನನ್ನು ಕರೆದೊಯ್ದರು.
ಮೂರನೆಯ ದಿನ ಕಾಲುವೆಯಲ್ಲಿ ನನಗೆ ಸಿಕ್ಕ.'
ಅಧಿಕಾರಿ ಬರೆದುಕೊಂಡ.
ನಾವಿಬ್ಬರೂ ಮುಖ ನೋಡಿಕೊಳ್ಳಲಿಲ್ಲ.

ಈಗ ಮೀನಿನ ಕಾರ್ಖಾನೆ, ಬೆಳಗಿನ ಪಾಳಿ.
ಅಲ್ಲಿ ಮಾತೇ ಬೇಡ, ಚಾಕು ಸಾಕು.
ಪಿಕರ್ಸ್‌ಗಿಲ್ ರಜೆಯ ದಿನ ಡ್ರಿಲ್ಲು ತರುತ್ತಾನೆ,
ಪರದೆಯ ಕಂಬಿ ಹಾಕುತ್ತಾನೆ, ಓರೆಯಾಗಿ.
ಏಣಿಯ ಮೇಲಿಂದಲೇ ಕೇಳಿದ ಒಮ್ಮೆ:
'ಆ ಆಡಿನ ಮುದುಕ ಹೊರಡುವಾಗ ಏನೋ ಅಂದನಲ್ಲ,
ನೀನು "ಸುಖವಾಗಿ ಹೋಗಿ" ಅಂದೆ.'
ಅವನು ಅಂದದ್ದು, ನಿಮ್ಮ ತಾಯಂದಿರು ಎದೆ ಬಡಿದುಕೊಳ್ಳಲಿ.
ಹೇಳಿದೆ.
ಪಿಕರ್ಸ್‌ಗಿಲ್ ಒಂದು ಮೊಳೆ ಬಾಯಿಂದ ತೆಗೆದು
'ಗೊತ್ತಿತ್ತು' ಅಂದ.

ನಿನ್ನೆ ಸ್ಪೋಗ್ಮೈ ಜೊತೆ ಬಟ್ಟೆಯಂಗಡಿಗೆ ಹೋಗಿದ್ದೆ.
ಮಗುವಿಗೆ ಕೋಟು. ಹಳದಿಯದು, ಮೇಲಿನ ಸಾಲಿನಲ್ಲಿ.
ಅಂಗಡಿಯವಳು ಕೇಳಿದ್ದು ಅವಳನ್ನು, ನೋಡಿದ್ದು ನನ್ನನ್ನು.
ಸ್ಪೋಗ್ಮೈ 'ಐ' ಅಂದಳು.
ಅಲ್ಲೇ ನಿಂತಳು.
ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ಇಡೀ ವಾಕ್ಯ ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು,
ಹಲ್ಲು ಕಚ್ಚಿ ಹಿಡಿದೆ.
ಕೋಟಿನ ಬೆಲೆಚೀಟಿ ಗಾಳಿಗೆ ತಿರುಗುತ್ತಿತ್ತು.
'ಐ' ಅಂದಳು ಮತ್ತೆ, ಸ್ವಲ್ಪ ಜೋರಾಗಿ.